ನಿಕ್ಸಿ ಗಡಿಯಾರದ ಕಿಟ್: ಟ್ಯೂಬ್‌ಗೆ ಹತ್ತರಲ್ಲಿ ಎಂಟು, ಬೋರ್ಡ್‌ಗೆ ಐದು

ಮೊದಲೇ ಹೇಳಿಬಿಡುತ್ತೇನೆ, ನಿಕ್ಸಿ ಎಂಬ ಹಳೇ ಗಾಜಿನ ಟ್ಯೂಬ್‌ಗಳಲ್ಲಿ ಅಂಕಿ ಹೊಳೆಯುವ, ನಾವೇ ಜೋಡಿಸಿಕೊಳ್ಳುವ ಈ ಗಡಿಯಾರದ ಕಿಟ್ ಕೊಳ್ಳಬಹುದು. ಟ್ಯೂಬ್‌ಗಳು ಚೆನ್ನಾಗಿವೆ. ಸರ್ಕ್ಯೂಟ್ ಡಿಸೈನ್‌ನಲ್ಲಿ ದೊಡ್ಡ ತಪ್ಪಿಲ್ಲ. ಆದರೆ ಇದನ್ನು ಮಾಡಿದವರು ಯಾವುದೋ ಒಣ ಊರಿನವರಿರಬೇಕು. ತೀರ್ಥಹಳ್ಳಿಯಲ್ಲಿ ಪುನರ್ವಸು ಮಳೆ ಹೇಗೆ ಹೊಯ್ಯುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಡಬ್ಬದಲ್ಲಿ ಬಂದ ಹಾಗೇ ಜೋಡಿಸಿ ಇಟ್ಟರೆ ಮಲೆನಾಡಿನ ಮನೆಯಲ್ಲಿ ಇದು ಒಂದು ಮಳೆಗಾಲ ನೆಟ್ಟಗೆ ಓಡುವುದಿಲ್ಲ. ಎಲ್ಲಿ ಕೈಕೊಡುತ್ತದೆ, ಏನು ಮಾಡಬೇಕು ಅನ್ನೋದನ್ನ ಬರೆಯುತ್ತೇನೆ. ಮಾರಿದವರ ಹೆಸರು ಹಾಕುವುದಿಲ್ಲ. ಇದೇ ಥರದ ಕಿಟ್‌ಗಳನ್ನು ಸುಮಾರು ಜನ ಮಾರುತ್ತಾರೆ, ಒಳಗಿನ ಮಾಲು ಹೆಚ್ಚು ಕಡಿಮೆ ಒಂದೇ.

ನನ್ನದು ಮೊಬೈಲ್ ರಿಪೇರಿ ಅಂಗಡಿ. ದಿನವಿಡೀ ನೀರು ಕುಡಿದ ಫೋನ್‌ಗಳ ಜೊತೆ ಗುದ್ದಾಟ. ಮಳೆಗಾಲದಲ್ಲಂತೂ ಅಕ್ಕಿ ಡಬ್ಬದಲ್ಲಿ ಹೂತಿಟ್ಟ ಫೋನ್, ಬಚ್ಚಲ ಒಲೆಯ ಗೂಡಿನಲ್ಲಿ ಒಣಗಿಸಿದ ಫೋನ್ ಮಸಿ ವಾಸನೆ ಸಮೇತ ಬರುತ್ತವೆ. ಹಾಗಾಗಿ ಬೋರ್ಡ್ ಮೇಲೆ ತೇವ ಏನೇನು ಮಾಡುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಆದರೆ ಫೋನ್‌ನಲ್ಲಿ ಇರುವುದು ನಾಲ್ಕು ವೋಲ್ಟ್. ಇಲ್ಲಿ ನೂರ ಎಂಬತ್ತು.

ನಿಕ್ಸಿ ಟ್ಯೂಬ್ ನೋಡಿರದವರಿಗೆ ಎರಡು ಮಾತು. ಎಲ್‌ಇಡಿ ಡಿಸ್‌ಪ್ಲೇ ಬರುವ ಮೊದಲು ಮೀಟರ್, ಕೌಂಟರ್, ಲ್ಯಾಬ್ ಉಪಕರಣಗಳಲ್ಲಿ ಅಂಕಿ ತೋರಿಸಲು ಇವನ್ನೇ ಹಾಕುತ್ತಿದ್ದರು. ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ಮಾರುಕಟ್ಟೆಗೆ ತಂದಿತು. ಗಾಜಿನ ಬುರುಡೆಯೊಳಗೆ ನಿಯಾನ್ ಅನಿಲ ಇರುತ್ತದೆ. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳ ಆಕಾರದಲ್ಲಿ ಕತ್ತರಿಸಿದ ತೆಳು ಲೋಹದ ಎಲೆಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ಅವು ಕ್ಯಾಥೋಡ್, ಅಂದರೆ ಮೈನಸ್ ತುದಿ. ಮುಂದೆ ಒಂದು ಜಾಲರಿ, ಅದು ಆನೋಡ್, ಪ್ಲಸ್ ತುದಿ. ಯಾವ ಅಂಕಿಯನ್ನು ಗ್ರೌಂಡ್‌ಗೆ, ಅಂದರೆ ಸೊನ್ನೆ ವೋಲ್ಟ್‌ಗೆ, ಸೇರಿಸುತ್ತೀರೋ ಆ ಅಂಕಿಯ ಸುತ್ತ ಕಿತ್ತಳೆ ಬಣ್ಣದ ಹೊಳಪು ಹತ್ತಿಕೊಳ್ಳುತ್ತದೆ. ಫಿಲಮೆಂಟ್ ಇಲ್ಲ, ಬಿಸಿಯೂ ಹೆಚ್ಚಿಲ್ಲ.

ನನ್ನ ಕಿಟ್‌ನಲ್ಲಿ ಬಂದಿದ್ದು ಸೋವಿಯತ್ ಕಾಲದ ಐಎನ್-12 ಟ್ಯೂಬ್ ನಾಲ್ಕು. ಇದನ್ನು ತಲೆಯ ಕಡೆಯಿಂದ ನೋಡಬೇಕು, ಐಎನ್-14 ಎಂಬ ಇನ್ನೊಂದು ಟ್ಯೂಬಿನ ಹಾಗೆ ಪಕ್ಕದಿಂದಲ್ಲ. ಅಪ್ಪಯ್ಯ ಮೊದಲ ಸಲ ನೋಡಿದಾಗಲೇ ಹಿಡಿದರು. "ಇದೆಂತ ಮಗಾ ಈ ಐದು? ಎರಡನ್ನ ತಲೆಕೆಳಗೆ ಮಾಡಿಟ್ಟಂಗಿದೆ ಅಲ್ಲನ?" ಸರಿಯಾಗೇ ಹೇಳಿದರು. ಐಎನ್-12ರಲ್ಲಿ ಐದು ಅಂದರೆ ತಿರುಗಿಸಿ ಕೂರಿಸಿದ ಎರಡೇ. ಡಿಫೆಕ್ಟ್ ಅಂತ ವಾಪಸ್ ಕಳಿಸಬೇಡಿ.

ಬೆಲೆ ಟ್ಯೂಬ್ ಸೇರಿ ಏಳು ಸಾವಿರದ ಚಿಲ್ಲರೆ. ಜೊತೆಗೆ ಟ್ಯೂಬ್ ಸಾಕೆಟ್, ಯಾವ ಅಂಕಿ ಹತ್ತಬೇಕು ಅಂತ ನೋಡಿಕೊಳ್ಳುವ ನಾಲ್ಕು ಕೆ155ಐಡಿ1 ಡ್ರೈವರ್ ಐಸಿ, ವೋಲ್ಟೇಜನ್ನು 180ಕ್ಕೆ ಏರಿಸುವ ಎಂಸಿ34063 ಆಧಾರದ ಹೈ ವೋಲ್ಟೇಜ್ ಸೆಕ್ಷನ್, ಪ್ರೋಗ್ರಾಂ ಓಡಿಸುವ ಒಂದು ಆರ್ಡಿನೋ ನ್ಯಾನೋ ಬೋರ್ಡ್, ಸಮಯ ಇಟ್ಟುಕೊಳ್ಳುವ ಡಿಎಸ್3231 ಗಡಿಯಾರದ ಮಾಡ್ಯೂಲ್. ಸಾಕೆಟ್ ಕೊಟ್ಟಿದ್ದು ಈ ಕಿಟ್‌ನ ದೊಡ್ಡ ಗುಣ. ಟ್ಯೂಬ್‌ಗಳನ್ನು ನೇರ ಬೋರ್ಡ್‌ಗೇ ಸೋಲ್ಡರ್ ಮಾಡಿಸುವ ಕಿಟ್‌ಗಳಿವೆ. ಅಂಥದ್ದನ್ನು ತಗೊಂಡರೆ ಮುಂದೆ ಹೇಳುವ ಪರೀಕ್ಷೆಗಳಲ್ಲಿ ಅರ್ಧದಷ್ಟನ್ನು ಮಾಡಲಿಕ್ಕೇ ಆಗುವುದಿಲ್ಲ. ಜೋಡಿಸುವ ಕೆಲಸದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಸೂಚನೆಯ ಹಾಳೆ ಇಂಗ್ಲಿಷ್‌ನಲ್ಲಿದೆ, ಚಿತ್ರಗಳು ಸ್ಪಷ್ಟವಾಗಿವೆ, ಸೋಲ್ಡರ್ ಹಿಡಿದು ಅಭ್ಯಾಸ ಇದ್ದವರಿಗೆ ಒಂದು ಭಾನುವಾರದ ಕೆಲಸ.

ಕರೆಂಟ್ ಕೊಟ್ಟಾಗ ನಾಲ್ಕೂ ಟ್ಯೂಬ್ ಹತ್ತಿದವು. ಆದರೆ ಅರ್ಧಂಬರ್ಧ. ಏಳರ ತಲೆ ಹೊಳೆಯುತ್ತದೆ, ಕಾಲು ಕತ್ತಲೆ. ಎಂಟರಲ್ಲಿ ಮೇಲಿನ ಸುತ್ತು ಮಾತ್ರ. ನಡುನಡುವೆ ಮಿಣುಕುತ್ತದೆ.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಅಂಕಿ ಅರ್ಧ ಹೊಳೆಯಲು ಎರಡು ಬೇರೆ ಬೇರೆ ಕಾರಣಗಳಿವೆ, ನೋಡಲು ಎರಡೂ ಒಂದೇ ಥರ. ಒಂದು, ಟ್ಯೂಬ್‌ಗೆ ಸಾಕಷ್ಟು ಕರೆಂಟ್ ಸಿಗುತ್ತಿಲ್ಲ. ಹೊಳಪು ಇಡೀ ಅಂಕಿಗೆ ಹರಡುವಷ್ಟು ಬಲ ಇಲ್ಲ. ಇನ್ನೊಂದು, ಆ ಅಂಕಿಯ ಎಲೆಯ ಮೇಲೆ ಕೊಳೆ ಕೂತಿದೆ. ಎಲ್ಲ ಟ್ಯೂಬ್‌ಗಳ ಎಲ್ಲ ಅಂಕಿಗಳೂ ಹೀಗೇ ಆದರೆ ಮೊದಲನೆಯದು. ಒಂದೇ ಟ್ಯೂಬಿನ ಒಂದೆರಡು ಅಂಕಿ ಮಾತ್ರ ಆದರೆ ಎರಡನೆಯದು. ನನ್ನಲ್ಲಿ ಎಲ್ಲವೂ ಹಾಗೇ ಇದ್ದವು. ಅಂದರೆ ಟ್ಯೂಬ್ ತಪ್ಪಲ್ಲ, ವೋಲ್ಟೇಜ್ ನೋಡಬೇಕು.

ಮೀಟರ್ ಹಿಡಿದೆ. ಟ್ಯೂಬ್ ಎಲ್ಲ ಕಿತ್ತಿಟ್ಟಾಗ 182 ವೋಲ್ಟ್. ನಾಲ್ಕನ್ನೂ ಹಾಕಿದಾಗ 148. ಐಎನ್-12 ಹತ್ತಲು 170 ವೋಲ್ಟ್ ಹತ್ತಿರ ಬೇಕು. ಒಮ್ಮೆ ಹತ್ತಿದ ಮೇಲೆ ಟ್ಯೂಬಿನ ಮೇಲೆ ಸುಮಾರು 140 ಉಳಿಯುತ್ತದೆ. ಮಿಕ್ಕಿದ್ದನ್ನು ಆನೋಡ್ ರೆಸಿಸ್ಟರ್ ನುಂಗುತ್ತದೆ. ಈ ಕಿಟ್‌ನಲ್ಲಿ ಅದು 15 ಕಿಲೋ ಓಮ್. 180ರಿಂದ 140 ಕಳೆದರೆ 40 ವೋಲ್ಟ್, 15 ಕಿಲೋ ಓಮ್‌ನಲ್ಲಿ ಸುಮಾರು 2.7 ಮಿಲಿಆಂಪ್. ಈ ಟ್ಯೂಬ್‌ಗೆ ಬೇಕಾದದ್ದು ಅಷ್ಟೇ. ಅದೇ ಲೆಕ್ಕ 148ಕ್ಕೆ ಹಾಕಿ. ಅರ್ಧ ಮಿಲಿಆಂಪ್‌ಗೆ ಬಂದು ನಿಲ್ಲುತ್ತದೆ. ಏಳರ ಕಾಲು ಎಲ್ಲಿಂದ ಹೊಳೆಯಬೇಕು?

ಲೋಡ್, ಅಂದರೆ ಟ್ಯೂಬ್‌ಗಳನ್ನು ಹಾಕಿದಾಗ ವೋಲ್ಟೇಜ್ ಯಾಕೆ ಕುಸಿಯಿತು? ಬೆರಳು ಹತ್ತಿರ ತಂದರೆ ಸಾಕು, ಔಟ್‌ಪುಟ್ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕಾವು ಬಡಿಯುತ್ತಿತ್ತು. ಅಂಗಡಿಯ ಮೈಕ್ರೋಸ್ಕೋಪ್ ಕೆಳಗಿಟ್ಟು ಅದರ ಮೈ ಮೇಲಿನ ಅಕ್ಷರ ಓದಿದೆ. ಸೂಚನೆಯ ಹಾಳೆಯಲ್ಲಿ ಇದ್ದದ್ದು ಯುಎಫ್4007. ಪ್ಯಾಕೆಟ್‌ನಲ್ಲಿ ಹಾಕಿ ಕಳಿಸಿದ್ದು 1ಎನ್4007. ಎರಡೂ ಕಪ್ಪು, ಎರಡಕ್ಕೂ ಬೆಳ್ಳಿ ಪಟ್ಟಿ, ಎರಡೂ 1000 ವೋಲ್ಟ್, 1 ಆಂಪ್. ಬರಿಗಣ್ಣಿಗೆ ಅವಳಿ ಜವಳಿ. ಆದರೆ 1ಎನ್4007 ಮನೆಯ 50 ಹರ್ಟ್ಸ್ ಕರೆಂಟಿಗೆ ಮಾಡಿದ್ದು. ಇಲ್ಲಿ ಸ್ವಿಚಿಂಗ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ನಡೆಯುತ್ತದೆ. ಅಷ್ಟು ಬೇಗ ಬಾಗಿಲು ಮುಚ್ಚಲು ಈ ಡಯೋಡ್‌ಗೆ ಬರುವುದಿಲ್ಲ. ಮುಂದೆ ಹೋದ ಕರೆಂಟ್ ಪ್ರತಿ ಸಲವೂ ಸ್ವಲ್ಪ ಹಿಂದೆ ಬರುತ್ತದೆ, ಶಾಖವಾಗಿ ಹೋಗುತ್ತದೆ. ಯುಎಫ್4007 ಮುಚ್ಚಿಕೊಳ್ಳಲು 75 ನ್ಯಾನೋಸೆಕೆಂಡ್ ಸಾಕು.

ಶಿವಮೊಗ್ಗಕ್ಕೆ ಡಿಸ್‌ಪ್ಲೇ ತರಲು ಹೋದವಳು ದುರ್ಗಿಗುಡಿಯ ಒಂದು ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದೆ. ಯುಎಫ್4007 ಇರಲಿಲ್ಲ. ಅಂಗಡಿಯವರು ಕನ್ನಡಕ ಹಣೆಗೇರಿಸಿ, "ಅದಿಲ್ಲಮ್ಮ, ಬಿಎ159 ಇದೆ. ಮೊದಲು ಟಿವಿ ರಿಪೇರಿಯವರು ಕೈತುಂಬ ತಗೊಂಡು ಹೋಗ್ತಿದ್ರು. ಈಗ ಕೇಳೋರೇ ಇಲ್ಲ" ಅಂದರು. ಬಿಎ159 ಕೂಡ ಫಾಸ್ಟ್ ಡಯೋಡ್, 1000 ವೋಲ್ಟ್ ತಡೆಯುತ್ತದೆ. ಯುಎಫ್‌ನಷ್ಟು ಚುರುಕಲ್ಲ, ಆದರೆ 1ಎನ್4007ಕ್ಕಿಂತ ಎಷ್ಟೋ ವಾಸಿ. ಹಾಕಿದೆ. ಲೋಡ್‌ನಲ್ಲಿ 171 ಬಂತು. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಪರಿಚಯದವರು ಯುಎಫ್4007 ತಂದುಕೊಟ್ಟರು, 178ಕ್ಕೆ ಏರಿತು. ಏಳಕ್ಕೆ ಕಾಲು ಬಂತು.

ಕೆಲವು ರೂಪಾಯಿಯ ಡಯೋಡ್‌ನಲ್ಲಿ ಜುಗ್ಗತನ ಮಾಡಿ ಏಳು ಸಾವಿರದ ಕಿಟ್‌ನ ಮರ್ಯಾದೆ ಕಳೆದರು ನೋಡಿ. ಮಾರಿದವರಿಗೆ ಫೋಟೋ ಸಮೇತ ಮೇಲ್ ಹಾಕಿದೆ. "ಟ್ಯೂಬ್ ಬದಲಾಯಿಸಿ ನೋಡಿ" ಅಂತ ಉತ್ತರ ಬಂತು. ಫೋಟೋ ತೆರೆದೇ ನೋಡಿಲ್ಲ ಅಂತ ಕಾಣುತ್ತದೆ.

ಟ್ಯೂಬ್ ಬದಲಾಯಿಸುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹೊಸ ಟ್ಯೂಬ್ ತರಿಸುವ ಮೊದಲು ಇರುವ ಟ್ಯೂಬ್‌ಗಳನ್ನೇ ಅದಲು ಬದಲು ಮಾಡಿ. ತೊಂದರೆ ಟ್ಯೂಬ್ ಜೊತೆ ಹೋದರೆ ಟ್ಯೂಬಿನದ್ದು. ಜಾಗದಲ್ಲೇ ಉಳಿದರೆ ಬೋರ್ಡಿನದ್ದು. ಇದೊಂದು ಪರೀಕ್ಷೆ ಎಷ್ಟೋ ದುಡ್ಡು ಉಳಿಸುತ್ತದೆ. ಆದರೆ ಪ್ಲಗ್ ಕಿತ್ತ ಕೂಡಲೇ ಕೈ ಹಾಕಬೇಡಿ. ಔಟ್‌ಪುಟ್ ಕೆಪಾಸಿಟರ್‌ನಲ್ಲಿ 180 ವೋಲ್ಟ್ ಡಿಸಿ ಕೂತಿರುತ್ತದೆ. ನಾನು ಒಂದು 100 ಕಿಲೋ ಓಮ್ ರೆಸಿಸ್ಟರ್‌ಗೆ ಎರಡು ವೈರ್ ಸೋಲ್ಡರ್ ಮಾಡಿ ಸ್ಲೀವ್ ಹಾಕಿ ಇಟ್ಟುಕೊಂಡಿದ್ದೇನೆ. ಕೆಪಾಸಿಟರ್‌ಗೆ ಅದನ್ನು ಮುಟ್ಟಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ. ಆನ್ ಇರುವಾಗ ಅಳೆಯುವುದಾದರೆ ಎಡಗೈ ಜೇಬಿನಲ್ಲಿ. ಅಂಗಡಿ ಹುಡುಗನಿಗೆ ಇದನ್ನು ದಿನಾ ಹೇಳುತ್ತೇನೆ. "ಗೊತ್ತಕ್ಕ, ಗೊತ್ತಕ್ಕ" ಅನ್ನುತ್ತಾನೆ, ಕೈ ಮಾತ್ರ ಹೊರಗೇ ಇರುತ್ತದೆ.

ಇನ್ನು ಮಳೆಯ ಕಥೆ.

ಬೇಸಿಗೆ ಪೂರ್ತಿ ಗಡಿಯಾರ ಚೆನ್ನಾಗಿ ಓಡಿತು. ಮಳೆ ಹಿಡಿದುಕೊಂಡಿತು. ಆಗುಂಬೆ ಕಡೆಯಿಂದ ಮೋಡ ಬಂದು ಕೂತರೆ ಇಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು. ಒಂದು ಬೆಳಿಗ್ಗೆ ನೋಡಿದರೆ ಎರಡನೇ ಟ್ಯೂಬ್‌ನಲ್ಲಿ ಮೂರರ ಹಿಂದೆ ಎಂಟು ಮಂದವಾಗಿ ಕಾಣುತ್ತಿದೆ. ಹಗಲು ಬೆಳಕಿನಲ್ಲಿ ಗೊತ್ತಾಗುವುದಿಲ್ಲ, ರಾತ್ರಿ ಸ್ಪಷ್ಟ. ಎರಡು ದಿನ ಬಿಸಿಲು ಬಂದರೆ ಮಾಯ. ಮಳೆ ಬಂದರೆ ಮತ್ತೆ ಹಾಜರು.

ಟ್ಯೂಬ್ ಅದಲು ಬದಲು ಮಾಡಿದೆ. ಜಾಗ ಬಿಟ್ಟು ಕದಲಲಿಲ್ಲ. ಡ್ರೈವರ್ ಐಸಿ ಬದಲಾಯಿಸಿದೆ, ಅದೂ ಅಲ್ಲ. ಹೇರ್ ಡ್ರೈಯರ್ ತಂದು ಆ ಸಾಕೆಟ್ ಸುತ್ತ ಬೆಚ್ಚನೆ ಗಾಳಿ ಬಿಟ್ಟೆ. ಕಣ್ಣೆದುರಿಗೇ ಎಂಟು ಮಾಸುತ್ತಾ ಹೋಯಿತು. ಇಷ್ಟಾದ ಮೇಲೆ ಅನುಮಾನವೇ ಇಲ್ಲ, ಬೋರ್ಡ್ ಮೇಲೆ ತೇವದ ದಾರಿ ಆಗಿದೆ.

ಬೋರ್ಡ್ ತಿರುಗಿಸಿ ಮೈಕ್ರೋಸ್ಕೋಪ್‌ಗೆ ಇಟ್ಟೆ. ಐಸಿ ಸಾಕೆಟ್‌ಗಳನ್ನು ಕಿಟ್‌ನವರೇ ಸೋಲ್ಡರ್ ಮಾಡಿ ಕಳಿಸುತ್ತಾರೆ. ಆ ಕಾಲುಗಳ ನಡುವೆ ಬಿಳಿ ಹೊಪ್ಪಳೆ. ಮುಟ್ಟಿದರೆ ಅಂಟಂಟು. ಸೋಲ್ಡರ್ ಚೆನ್ನಾಗಿ ಹಿಡಿಯಲೆಂದು ಹಚ್ಚಿ ತೊಳೆಯದೇ ಬಿಟ್ಟ ಫ್ಲಕ್ಸ್. ಅದೂ ನೀರಿನಲ್ಲಿ ಕರಗುವ ಜಾತಿಯದ್ದು. ಈ ಫ್ಲಕ್ಸ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದ ಮೇಲೆ ಅದರೊಳಗೆ ಕರೆಂಟ್ ಹರಿಯುತ್ತದೆ. ಫೋನಿನ ನಾಲ್ಕು ವೋಲ್ಟ್‌ಗೆ ಇಂಥ ಸೋರಿಕೆ ಕೆಲವು ಸಲ ಲೆಕ್ಕಕ್ಕೇ ಬರುವುದಿಲ್ಲ. 180 ವೋಲ್ಟ್ ಇರುವ ಕಡೆ ಹಾಗಲ್ಲ. ನಿಕ್ಸಿ ಅಂಕಿಯೊಂದು ಮಂದವಾಗಿ ಕಾಣಲು ಕೆಲವೇ ಮೈಕ್ರೋಆಂಪ್ ಸಾಕು. ಕೆ155ಐಡಿ1ರಲ್ಲಿ ಎಂಟರ ಅಂಕಿಗೆ ಹೋಗುವುದು 1ನೇ ಪಿನ್, ಒಂಬತ್ತಕ್ಕೆ 2ನೇ ಪಿನ್, ಅದರ ಪಕ್ಕದ 3ನೇ ಪಿನ್ ಇನ್‌ಪುಟ್. ಎಲ್ಲ ಅಕ್ಕಪಕ್ಕ. ನಡುವೆ ಅಂಟು ಕೂತರೆ ಸೋರಲು ದಾರಿ ಸಿಕ್ಕ ಹಾಗೇ.

ತೊಳೆಯುವ ಕ್ರಮ ಹೇಳುತ್ತೇನೆ, ಇದನ್ನು ಕಿಟ್ ಬಂದ ದಿನವೇ ಮಾಡಿ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಉಜ್ಜಿದರೆ ಈ ಬಿಳಿ ಪುಡಿ ಪೂರ್ತಿ ಹೋಗುವುದಿಲ್ಲ, ಸುಮ್ನೆ ಅತ್ತಿತ್ತ ಹರಡುತ್ತದೆ. ಟ್ಯೂಬ್, ಐಸಿ, ಆರ್ಡಿನೋ, ಗಡಿಯಾರದ ಮಾಡ್ಯೂಲ್ ಎಲ್ಲ ತೆಗೆದಿಡಿ. ಇನ್ವರ್ಟರ್‌ಗೆ ಹಾಕುವ ಬ್ಯಾಟರಿ ವಾಟರ್ ಇರುತ್ತದಲ್ಲ, ಅದನ್ನು ಸ್ವಲ್ಪ ಬೆಚ್ಚಗೆ ಮಾಡಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಬಾವಿ ನೀರು ಬೇಡ, ಅದರಲ್ಲಿರುವ ಉಪ್ಪು ಬೋರ್ಡ್ ಮೇಲೇ ಉಳಿಯುತ್ತದೆ. ಆಮೇಲೆ ಐಪಿಎಯಲ್ಲಿ ಇನ್ನೊಂದು ಸಲ. ಅದು ಸಂದಿಯಲ್ಲಿ ಉಳಿದ ನೀರನ್ನು ಎಳೆದುಕೊಂಡು ಹಾರಿಹೋಗುತ್ತದೆ. ಆಮೇಲೆ ಡ್ರೈಯರ್ ಹಿಡಿದು ಚೆನ್ನಾಗಿ ಒಣಗಿಸಿ. ಬಚ್ಚಲ ಒಲೆ ಹತ್ತಿರ ಇಡಬೇಡಿ, ಮಸಿಯೂ ಕರೆಂಟ್ ಹರಿಸುತ್ತದೆ.

ಪೂರ್ತಿ ಒಣಗಿದ ಮೇಲೆ ಬೋರ್ಡ್‌ಗೆ ತೇವ ತಾಗದಂತೆ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಸ್ಪ್ರೇ ಹೊಡೆದೆ. ಸಾಕೆಟ್ ಬಾಯಿಗಳಿಗೆ ಪೇಪರ್ ಟೇಪ್ ಅಂಟಿಸಿ ಮುಚ್ಚಿಕೊಳ್ಳಬೇಕು, ಒಳಗೆ ಹೋದರೆ ಕಾಂಟ್ಯಾಕ್ಟ್ ಕೆಡುತ್ತದೆ. ತೇವ ಒಳಗಿರುವಾಗ ಸ್ಪ್ರೇ ಹೊಡೆದರೆ ತೇವಕ್ಕೇ ಮುಚ್ಚಳ ಹಾಕಿದ ಹಾಗಾಗುತ್ತದೆ. ಅದಕ್ಕೇ ಮಳೆ ನಿಂತ ದಿನ ನೋಡಿ ಮಾಡಿ, ಇಲ್ಲ ಅಂದರೆ ಡ್ರೈಯರ್ ಜಾಸ್ತಿ ಹೊತ್ತು ಹಿಡಿಯಿರಿ. ಇಷ್ಟು ಮಾಡಿದ ಮೇಲೆ ಆ ಮಳೆಗಾಲದಲ್ಲಿ ಎಂಟು ಮತ್ತೆ ಮುಖ ತೋರಿಸಲಿಲ್ಲ.

ಟ್ಯೂಬ್‌ಗಳ ಬಗ್ಗೆ. ಬಳಸದ ಹಳೇ ಸ್ಟಾಕ್ ಅಂತ ಮಾರುತ್ತಾರೆ. ಸೋವಿಯತ್ ಕಾಲದ ಮಾಲು ಅಂದಮೇಲೆ ಮೂವತ್ತು ವರ್ಷದ ಮೇಲಾಯಿತು, ಗೋದಾಮಿನಲ್ಲಿ ಕೂತದ್ದೇ ಇರಲಿ. ನನ್ನ ನಾಲ್ಕು ಟ್ಯೂಬ್‌ಗಳಲ್ಲಿ ಒಂದಕ್ಕೆ ನಾಲ್ಕು ಎಂಬ ಅಂಕಿಯ ಅಡ್ಡಗೆರೆ ಹೊಳೆಯುತ್ತಿರಲಿಲ್ಲ. ವೋಲ್ಟೇಜ್ ಸರಿಯಾದ ಮೇಲೂ ಹಾಗೇ. ಇದು ಮೊದಲು ಹೇಳಿದ ಎರಡನೇ ಕಾರಣ, ಕ್ಯಾಥೋಡ್ ಪಾಯ್ಸನಿಂಗ್. ಒಂದು ಅಂಕಿ ಹೊಳೆಯುವಾಗ ಅದರ ಲೋಹದ ಕಣಗಳು ಸಣ್ಣಗೆ ಹಾರಿ ಸುಮ್ಮನೆ ನಿಂತಿರುವ ಪಕ್ಕದ ಅಂಕಿಗಳ ಮೇಲೆ ಕೂರುತ್ತವೆ. ಬಳಸದ ಅಂಕಿಗೆ ಕೊಳೆ ಕಟ್ಟುತ್ತದೆ. ಗಂಟೆಯ ಮೊದಲ ಟ್ಯೂಬ್‌ಗೆ ಇದು ಬೇಗ ಬರುತ್ತದೆ. ಅಲ್ಲಿ ಸೊನ್ನೆ, ಒಂದು, ಎರಡು ಬಿಟ್ಟರೆ ಬೇರೆ ಯಾವುದಕ್ಕೂ ಕೆಲಸವೇ ಇಲ್ಲ.

ಬಿಡಿಸುವ ದಾರಿ ಸುಲಭ. ಆ ಅಂಕಿಯನ್ನೇ ಹಿಡಿದು ಸ್ವಲ್ಪ ಜಾಸ್ತಿ ಕರೆಂಟ್‌ನಲ್ಲಿ ಉರಿಸಬೇಕು, ಮೇಲಿನ ಕೊಳೆ ಹಾರಿಹೋಗುತ್ತದೆ. 15 ಕಿಲೋ ಓಮ್ ಬದಲು ಹತ್ತರ ಆನೋಡ್ ರೆಸಿಸ್ಟರ್ ಹಾಕಿ ನಾಲ್ಕರ ಅಂಕಿಯನ್ನು ಮಾತ್ರ ಹತ್ತಿಸಿ ಬಿಟ್ಟೆ. ಅಡ್ಡಗೆರೆಯ ಒಂದು ತುದಿಯಿಂದ ಹೊಳಪು ತೆವಳುತ್ತಾ ಬಂತು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಮುಕ್ಕಾಲು, ಮಾರನೇ ದಿನ ಪೂರ್ತಿ. ಅವಸರ ಮಾಡಿ ಕರೆಂಟ್ ಇನ್ನೂ ಏರಿಸಬೇಡಿ, ಟ್ಯೂಬಿನ ಆಯಸ್ಸು ತಿನ್ನುತ್ತದೆ. ಒಳಗೆ ಅಲ್ಲಲ್ಲಿ ಸಣ್ಣ ನೀಲಿ ಚುಕ್ಕೆ ಕಂಡರೆ ಹೆದರಬೇಡಿ, ಆಯಸ್ಸು ಹೆಚ್ಚಿಸಲು ಹಾಕಿದ ಪಾದರಸ ಅದು. ಆದರೆ ಹೊಳಪೇ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಒಳಗೆ ಹೋಗಿದೆ. ಅದಕ್ಕೆ ಮದ್ದಿಲ್ಲ, ವಾಪಸ್ ಕಳಿಸಿ.

ಕೊಳೆ ಕಟ್ಟದ ಹಾಗೆ ನೋಡಿಕೊಳ್ಳಲು ಎಲ್ಲ ಅಂಕಿಗಳನ್ನೂ ಆಗಾಗ ಓಡಿಸಬೇಕು. ಕಿಟ್‌ನ ಪ್ರೋಗ್ರಾಂನಲ್ಲಿ ಅದು ಇಲ್ಲವೇ ಇಲ್ಲ. ಇದಕ್ಕೆ ನಾನು ಮಾರ್ಕು ಕಳೆಯುತ್ತೇನೆ, ನಾಲ್ಕು ಸಾಲಿನ ಕೆಲಸ ಅದು. ಕೋಡ್ ತೆರೆದೇ ಕೊಟ್ಟಿರುವುದರಿಂದ ನಮ್ಮ ಹುಡುಗನೇ ಸೇರಿಸಿದ. ರಾತ್ರಿ ಮೂರು ಗಂಟೆಗೆ ನಾಲ್ಕೂ ಟ್ಯೂಬ್ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ನಿಮಿಷ ಗಿರಗಿರ ಓಡುತ್ತವೆ. ಕೋಡ್ ಮುಟ್ಟಲು ಬಾರದವರು ಆರು ತಿಂಗಳಿಗೊಮ್ಮೆ ಗಂಟೆಯ ಟ್ಯೂಬನ್ನು ನಿಮಿಷದ ಕೊನೆಯ ಜಾಗಕ್ಕೆ ಹಾಕಿ. ಸಾಕೆಟ್ ಇದ್ದಿದ್ದಕ್ಕೆ ಇದು ಸಾಧ್ಯ.

ಗಡಿಯಾರದ ಮಾಡ್ಯೂಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಬಿಡುವಂಥದ್ದಲ್ಲ. ಡಿಎಸ್3231 ಒಳ್ಳೆಯ ಐಸಿ, ವರ್ಷಕ್ಕೆ ಒಂದು ನಿಮಿಷದ ಹತ್ತಿರ ಮಾತ್ರ ಹೆಚ್ಚು ಕಡಿಮೆ. ಗಾಳಿ ಮಳೆಗೆ ದಿನಗಟ್ಟಲೆ ಕರೆಂಟ್ ಇಲ್ಲದಿದ್ದರೂ ಬಟನ್ ಸೆಲ್ ಮೇಲೆ ಸಮಯ ಉಳಿಸಿಕೊಳ್ಳುತ್ತದೆ. ತೊಂದರೆ ಇರುವುದು ಅದು ಕೂತಿರುವ ನೀಲಿ ಬೋರ್ಡ್‌ನಲ್ಲಿ. ಅದರಲ್ಲಿ ಸೆಲ್ ಚಾರ್ಜ್ ಮಾಡುವ ದಾರಿ ಇದೆ, ಎಲ್‌ಐಆರ್2032 ಎಂಬ ರೀಚಾರ್ಜ್ ಸೆಲ್‌ಗಾಗಿ. ಕಿಟ್‌ನವರು ಕೊಡುವುದು ಮಾಮೂಲಿ ಸಿಆರ್2032. ಚಾರ್ಜ್ ಮಾಡಬಾರದ ಸೆಲ್‌ಗೆ ದಿನವಿಡೀ ಚಾರ್ಜ್ ಹೋಗುತ್ತದೆ, ಉಬ್ಬುತ್ತದೆ, ಸೋರುತ್ತದೆ. ಬೋರ್ಡ್ ಮೇಲಿನ ಗಾಜಿನ ಸಣ್ಣ ಡಯೋಡ್ ಪಕ್ಕದ 200 ಓಮ್ ರೆಸಿಸ್ಟರ್ ಕಿತ್ತುಹಾಕಿ, ಆ ದಾರಿ ಬಂದ್.

ಖರ್ಚಿನ ಲೆಕ್ಕ ಕೇಳುವವರಿಗೆ: 12 ವೋಲ್ಟ್ ಅಡಾಪ್ಟರ್‌ನಿಂದ ಮೂರು ನಾಲ್ಕು ವಾಟ್ ಎಳೆಯುತ್ತದೆ. ಕರೆಂಟ್ ಬಿಲ್‌ನಲ್ಲಿ ಗೊತ್ತಾಗುವುದಿಲ್ಲ. 5 ವೋಲ್ಟ್ ರೆಗ್ಯುಲೇಟರ್ ಬೆಚ್ಚಗಾಗುತ್ತದೆ, ಅದು ಸಹಜ.

ಕೊನೆಯ ದೂರು, ಕೇಸ್. ಮುಂದೆ ಅಕ್ರಿಲಿಕ್ ಹಾಳೆ ಇದೆ, ಹಿಂದೆ ಪೂರ್ತಿ ಬಯಲು. ನಮ್ಮ ಮನೆಗಳಲ್ಲಿ ಬೆಚ್ಚಗಿರುವ ಜಾಗ ಕಂಡರೆ ಹಲ್ಲಿ ಬಿಡುತ್ತದಾ? ಇರುವೆ ಸ್ವಿಚ್ ಬೋರ್ಡ್‌ನೊಳಗೇ ಮನೆ ಮಾಡುತ್ತದೆ. 180 ವೋಲ್ಟ್‌ನ ಟ್ರ್ಯಾಕ್ ಮೇಲೆ ಹಲ್ಲಿ ಕೂತರೆ ಹಲ್ಲಿಯೂ ಹೋಯಿತು, ಡ್ರೈವರ್ ಐಸಿಯೂ ಹೋಯಿತು. ಮಕ್ಕಳ ಕೈ ಹೋದರೆ ಇನ್ನೂ ಕಷ್ಟ. ನಾನು ಅಕ್ರಿಲಿಕ್ ತುಂಡು ಕತ್ತರಿಸಿ ಹಿಂದೆ ಸ್ಕ್ರೂ ಹಾಕಿದ್ದೇನೆ, ಗಾಳಿಯ ತೂತುಗಳಿಗೆ ಸೊಳ್ಳೆ ಪರದೆಯ ನೈಲಾನ್ ಬಲೆ ಅಂಟಿಸಿದ್ದೇನೆ. ಕಬ್ಬಿಣದ ಬಲೆ ಬೇಡ. ಆರ್ಡರ್ ಮಾಡುವಾಗ ಹಿಂದಿನ ಕವರ್ ಇದೆಯಾ, ಐಸಿ ಸಾಕೆಟ್‌ಗಳನ್ನು ಸೋಲ್ಡರ್ ಮಾಡದೆ ಬಿಡಿಯಾಗಿ ಕಳಿಸುತ್ತೀರಾ, ಡಯೋಡ್ ಯಾವುದು ಅಂತ ಮೂರೂ ಕೇಳಿ. ಜೊತೆಗೆ ಒಂದು ಐಎನ್-12 ಜಾಸ್ತಿ ತರಿಸಿಕೊಳ್ಳಿ.